ಮುಪ್ಪಿನ ನಾಯಿಯೊಡನೆ ನಡಿಗೆ

ಮನುಷ್ಯನು ಸಾಕಿದ ಪ್ರಾಣಿಗಳಲ್ಲೆಲ್ಲ ನಾಯಿಯೇ ಮೊದಲನೆಯದು. ಹಸು, ಕುರಿ, ಕುದುರೆಗಳು ಅವನ ಕೊಟ್ಟಿಗೆಯನ್ನು ಸೇರುವುದಕ್ಕೆ ಸಾವಿರಾರು ವರ್ಷ ಮುಂಚೆಯೇ, ಅವನಿಗೆ ಕೊಟ್ಟಿಗೆಯೆಂಬುದೇ ಇಲ್ಲದಿದ್ದ ಕಾಲದಲ್ಲಿ, ನಾಯಿಯು ಅವನ ಬೆಂಕಿಯ ಬಳಿಗೆ ಬಂದು ಮಲಗಿತ್ತು. 1914ರಲ್ಲಿ ಜರ್ಮನಿ ದೇಶದ ಬಾನ್ ನಗರದ ಸಮೀಪದಲ್ಲಿರುವ ಓಬರ್‌ಕಾಸೆಲ್ ಎಂಬಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಂದು ಹಳೆಯ ಸಮಾಧಿ ದೊರೆಯಿತು. ಅದು ಸುಮಾರು 14,000 ವರ್ಷಗಳ ಹಿಂದಿನದು. ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನ ಎಲುಬುಗಳ ಜೊತೆಯಲ್ಲಿ ನಾಯಿಯ ಎಲುಬುಗಳೂ ಅದರಲ್ಲಿದ್ದುವು. ಅವುಗಳ ಹಲ್ಲುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2018ರಲ್ಲಿ ಒಂದು ಸೋಜಿಗದ ಸಂಗತಿಯನ್ನು ಪ್ರಕಟಿಸಿದರು. ಅದು ಸುಮಾರು ಏಳು ತಿಂಗಳಿನ ಎಳೆಯ ನಾಯಿ. ಡಿಸ್ಟೆಂಪರ್ ಎಂಬ ಕಠಿಣ ರೋಗದಿಂದ ಅದು ಹಲವು ವಾರಗಳ ಕಾಲ ನರಳಿತ್ತು. ಯಾರಾದರೂ ಮೈಯೊರಸಿ, ನೀರು ಕುಡಿಸಿ, ಬೆಚ್ಚಗೆ ಇರಿಸಿ ನೋಡಿಕೊಳ್ಳದೆ ಇದ್ದಿದ್ದರೆ ಅಷ್ಟು ದಿನ ಅದು ಬದುಕುವುದು ಸಾಧ್ಯವಿರಲಿಲ್ಲ.

ಈ ಮಾತಿನ ಅರ್ಥವನ್ನು ಸ್ವಲ್ಪ ಆಲೋಚಿಸಿರಿ. ಆ ರೋಗದ ಮರಿಯಿಂದ ಬೇಟೆಗೆ ಸಹಾಯವಿಲ್ಲ, ಕಾವಲಿಗೆ ಸಹಾಯವಿಲ್ಲ. ಆದರೂ ಆ ಕಾಲದ ಜನ ಅದನ್ನು ಬಿಟ್ಟು ಮುಂದೆ ಹೋಗಲಿಲ್ಲ. ಕೆಲಸಕ್ಕೆ ಬಾರದ ನಾಯಿಯನ್ನು ನೋಡಿಕೊಳ್ಳುವುದು ಇಂದಿನ ನಾಗರಿಕರ ಹೊಸ ಶೋಕಿಯೇನೂ ಅಲ್ಲ. ಅದು ಬಹು ಪುರಾತನವಾದ ಮನುಷ್ಯಧರ್ಮ. ಮರಿಯನ್ನು ಮುದ್ದಿಸುವವರು ಅನೇಕರು. ಮುದಿನಾಯಿಯನ್ನು ತಾಳ್ಮೆಯಿಂದ ನಡೆಸುವವರು ವಿರಳ. ಆದುದರಿಂದ ಈ ಲೇಖನದಲ್ಲಿ ನಾವು ನಾಯಿಯ ಮುಪ್ಪು, ಅದರ ಕೀಲುಗಳ ನೋವು, ಮತ್ತು ಅದಕ್ಕೆ ಬೇಕಾದ ದಿನನಿತ್ಯದ ನಡಿಗೆ, ಇವುಗಳ ವಿಚಾರವನ್ನು ತಿಳಿದುಕೊಳ್ಳೋಣ.

ಆಯುಸ್ಸಿನ ಲೆಕ್ಕ

ನಾಯಿಯ ಒಂದು ವರ್ಷವು ಮನುಷ್ಯನ ಏಳು ವರ್ಷಗಳಿಗೆ ಸಮ ಎಂದು ಜನರು ಹೇಳುವುದುಂಟು. ಇದು ಸುಲಭವಾದ ಲೆಕ್ಕವೇ ಹೊರತು ಸರಿಯಾದ ಲೆಕ್ಕವಲ್ಲ. ಹಾಗಿದ್ದರೆ ಒಂದು ವರ್ಷದ ನಾಯಿಯು ಏಳು ವರ್ಷದ ಬಾಲಕನಂತೆ ಇರಬೇಕಾಗಿತ್ತು. ಆದರೆ ಒಂದು ವರ್ಷಕ್ಕೆ ನಾಯಿ ಬಹುಮಟ್ಟಿಗೆ ಬೆಳೆದು ನಿಂತಿರುತ್ತದೆ. ಪಶುವೈದ್ಯರ ಅಂದಾಜಿನ ಪ್ರಕಾರ, ಮಧ್ಯಮ ಗಾತ್ರದ ನಾಯಿಯ ಮೊದಲನೆಯ ವರ್ಷವು ಮನುಷ್ಯನ 15 ವರ್ಷಗಳಿಗೂ, ಎರಡನೆಯ ವರ್ಷವು 9 ವರ್ಷಗಳಿಗೂ, ಆ ಮೇಲಿನ ಒಂದೊಂದು ವರ್ಷವೂ ಸುಮಾರು 5 ವರ್ಷಗಳಿಗೂ ಸಮವಾಗುತ್ತದೆ. ಇನ್ನೊಂದು ವಿಶೇಷವೆಂದರೆ, ದೊಡ್ಡ ಜಾತಿಯ ನಾಯಿಗಳು ಬೇಗನೆ ಮುದಿಯಾಗುತ್ತವೆ; ಸಣ್ಣ ಜಾತಿಯವು ಹೆಚ್ಚು ಕಾಲ ಬಾಳುತ್ತವೆ. ಆನೆಯು ಇಲಿಗಿಂತ ದೀರ್ಘಾಯು ಎಂಬ ಪ್ರಾಣಿಲೋಕದ ಸಾಮಾನ್ಯ ನಿಯಮವು ನಾಯಿಗಳೊಳಗೆ ತಲೆಕೆಳಗಾಗಿದೆ.

ನಮ್ಮ ಮನೆಯಲ್ಲಿ ರಾಣಿ ಎಂಬ ಹೆಸರಿನ ನಾಯಿ ಇದೆ. ಹೆಸರು ರಾಣಿಯಾದರೂ ಕುಲ ಸಾಮಾನ್ಯವಾದುದೇ. ಬೀದಿಯಲ್ಲಿ ಹುಟ್ಟಿದ ದೇಶೀ ನಾಯಿ. ಅದಕ್ಕೆ ಈಗ 13 ವರ್ಷ. ಮೇಲಿನ ಲೆಕ್ಕವನ್ನು ಹಾಕಿ ನೋಡಿದರೆ, 15ಕ್ಕೆ 9ನ್ನು ಕೂಡಿಸಿ, ಉಳಿದ 11 ವರ್ಷಗಳನ್ನು 5ರಿಂದ ಗುಣಿಸಿ ಸೇರಿಸಿದರೆ, 79 ವರ್ಷವಾಗುತ್ತದೆ. ನಮ್ಮ ಅಜ್ಜಿಯವರ ವಯಸ್ಸೂ ಹೆಚ್ಚು ಕಡಿಮೆ ಅಷ್ಟೆ. “ನಮ್ಮಿಬ್ಬರದೂ ಒಂದೇ ಮಂಡಿ ಕಣಪ್ಪಾ” ಎಂದು ಅಜ್ಜಿ ನಗುತ್ತಾರೆ. ಇಬ್ಬರೂ ಬೆಳಗ್ಗೆ ಏಳುವಾಗ ಒಮ್ಮೆಗೇ ಏಳಲಾರರು. ಎದ್ದು ನಾಲ್ಕು ಹೆಜ್ಜೆ ಹಾಕಿದ ಮೇಲೆ ಇಬ್ಬರ ಕಾಲೂ ಸ್ವಲ್ಪ ಸಡಿಲವಾಗುತ್ತದೆ. ಹೀಗೇಕೆ ಆಗುತ್ತದೆ ಎಂಬುದಕ್ಕೆ ಶರೀರಶಾಸ್ತ್ರವು ಉತ್ತರ ಕೊಡುತ್ತದೆ.

ಕೀಲಿನ ರಚನೆ

ಎರಡು ಎಲುಬುಗಳು ಕೂಡುವ ಸ್ಥಳವೇ ಕೀಲು. ಎಲುಬಿನ ಮೇಲೆ ಎಲುಬು ಉಜ್ಜಿ ಸವೆಯಬಾರದೆಂದು ಎಲುಬುಗಳ ತುದಿಗಳಿಗೆ ಮೃದ್ವಸ್ಥಿಯೆಂಬ ನುಣುಪಾದ ಹೊದಿಕೆಯಿರುತ್ತದೆ. ಕೀಲನ್ನು ಒಂದು ಚೀಲವು ಸುತ್ತಿಕೊಂಡಿರುತ್ತದೆ; ಆ ಚೀಲದೊಳಗೆ ಜಿಗುಟಾದ ಒಂದು ದ್ರವವಿರುತ್ತದೆ. ಗಾಡಿಯ ಅಚ್ಚಿಗೆ ಹೇಗೆ ಕೀಲೆಣ್ಣೆಯೋ ಹಾಗೆ ಕೀಲಿಗೆ ಈ ದ್ರವ. ಆದರೆ ಇದು ಬರಿಯ ಎಣ್ಣೆಯಲ್ಲ, ಆಹಾರವೂ ಹೌದು. ಏಕೆಂದರೆ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಶರೀರದ ಮಿಕ್ಕ ಭಾಗಗಳಿಗೆ ರಕ್ತವು ತಂದುಕೊಡುವ ಪೋಷಣೆಯನ್ನು ಮೃದ್ವಸ್ಥಿಯು ಈ ದ್ರವದಿಂದ ಪಡೆಯಬೇಕು. ನೀರಿನಲ್ಲಿರುವ ಸ್ಪಂಜನ್ನು ಒತ್ತಿ ಬಿಟ್ಟರೆ ಹಳೆಯ ನೀರು ಹೊರಗೆ ಹೋಗಿ ಹೊಸ ನೀರು ಒಳಗೆ ಬರುತ್ತದಲ್ಲವೆ? ಹಾಗೆಯೇ ಪ್ರಾಣಿಯು ಹೆಜ್ಜೆಯಿಟ್ಟಾಗ ಮೃದ್ವಸ್ಥಿಯು ಒತ್ತಲ್ಪಡುತ್ತದೆ. ಹೆಜ್ಜೆಯನ್ನು ಎತ್ತಿದಾಗ ಉಬ್ಬಿ ದ್ರವವನ್ನು ಹೀರಿಕೊಳ್ಳುತ್ತದೆ. ನಡಿಗೆಯೇ ಕೀಲಿಗೆ ಊಟ ಎಂಬುದನ್ನು ಇದರಿಂದ ತಿಳಿಯಬಹುದು.

ವಯಸ್ಸಾದಂತೆ ಮೃದ್ವಸ್ಥಿಯು ತೆಳ್ಳಗಾಗಿ ಒರಟಾಗುತ್ತದೆ. ಕೀಲಿನ ಚೀಲ ಉರಿದು ಬಾಯುತ್ತದೆ. ಎಲುಬಿನ ಅಂಚುಗಳಲ್ಲಿ ಹೊಸ ಎಲುಬಿನ ಮುಳ್ಳುಗಳು ಮೂಡುತ್ತವೆ. ಇದನ್ನೇ ನಾವು ಸಂಧಿವಾತವೆಂದು ಕರೆಯುತ್ತೇವೆ. ನೋಯುವ ಕಾಲನ್ನು ನಾಯಿ ಉಪಯೋಗಿಸಲು ಹಿಂಜರಿಯುತ್ತದೆ. ಉಪಯೋಗಿಸದ ಕಾಲಿನ ಮಾಂಸಖಂಡವು ಸೊರಗುತ್ತದೆ. ಮಾಂಸಖಂಡವು ಸೊರಗಿದರೆ ಕೀಲಿಗೆ ಆಸರೆ ತಪ್ಪಿ ನೋವು ಇನ್ನೂ ಹೆಚ್ಚುತ್ತದೆ. ನೋವಿನಿಂದ ಜಡತೆ, ಜಡತೆಯಿಂದ ನೋವು. ಹೀಗೆ ಒಂದು ಚಕ್ರವು ತಿರುಗತೊಡಗುತ್ತದೆ. ಸವೆದ ಮೃದ್ವಸ್ಥಿಯನ್ನು ಮೊದಲಿನಂತೆ ಮಾಡುವುದು ಸಾಧ್ಯವಿಲ್ಲ. ಆದರೆ ಈ ಚಕ್ರವನ್ನು ನಿಧಾನಗೊಳಿಸುವುದು ಸಾಧ್ಯ. ನಾವು ಮಾಡಬೇಕಾದ ಕೆಲಸವೆಲ್ಲ ಅಷ್ಟರಲ್ಲಿದೆ.

ನೋವಿನ ಗುರುತುಗಳು

ಮನುಷ್ಯನು ಹಲ್ಲುನೋವಿಗೆ ಊರೆಲ್ಲ ಕೇಳುವಂತೆ ನರಳುತ್ತಾನೆ. ನಾಯಿ ಹಾಗಲ್ಲ. ದೀರ್ಘಕಾಲದ ನೋವನ್ನು ಅದು ಬಹುಮಟ್ಟಿಗೆ ಮೌನವಾಗಿಯೇ ಸಹಿಸುತ್ತದೆ. ಕೂಗಲಿಲ್ಲವಾದುದರಿಂದ ನೋವಿಲ್ಲ ಎಂದು ತಿಳಿಯುವುದು ತಪ್ಪು. ಅದರ ಭಾಷೆಯನ್ನು ನಾವು ಕಣ್ಣಿನಿಂದ ಓದಬೇಕು.

ಮಲಗಿದ್ದು ಏಳುವಾಗ ಮೈ ಬಿಗಿದುಕೊಳ್ಳುವುದು, ಮೆಟ್ಟಿಲ ಕೆಳಗೆ ನಿಂತು ಮೇಲೆ ನೋಡುವುದು, ನಡಿಗೆಯಲ್ಲಿ ಮುಂದಿದ್ದ ನಾಯಿ ಹಿಂದೆ ಬೀಳುವುದು, ಒಂದೇ ಕೀಲನ್ನು ಮತ್ತೆ ಮತ್ತೆ ನೆಕ್ಕುವುದು, ತೊಡೆಗಳು ಸಣ್ಣಗಾಗುವುದು, ಉಗುರುಗಳು ಸವೆಯದೆ ಉದ್ದವಾಗುವುದು, ಇವೆಲ್ಲ ನೋವಿನ ಗುರುತುಗಳು. ಆರೋಗ್ಯವಂತ ನಾಯಿಯ ಭಾರದಲ್ಲಿ ನೂರಕ್ಕೆ ಸುಮಾರು 60 ಭಾಗವನ್ನು ಮುಂಗಾಲುಗಳು ಹೊರುತ್ತವೆ. ಹಿಂಗಾಲು ನೋಯತೊಡಗಿದರೆ ಅದು ಇನ್ನಷ್ಟು ಭಾರವನ್ನು ಮುಂದಕ್ಕೆ ತಳ್ಳಿ ತಲೆಯನ್ನು ತಗ್ಗಿಸಿ ನಡೆಯುತ್ತದೆ. ಸದಾ ಸೌಮ್ಯವಾಗಿದ್ದ ನಾಯಿಯು ಸೊಂಟವನ್ನು ಮುಟ್ಟಿದೊಡನೆ ಗುರ್ರೆಂದರೆ ಅದಕ್ಕೆ ಕೊಬ್ಬು ಬಂದಿತೆಂದು ಬೈಯಬಾರದು. ಅಲ್ಲಿ ನೋಯುತ್ತಿದೆ ಎಂದು ಅದು ಹೇಳುತ್ತಿರುವ ರೀತಿ ಅದು.

ಮುಪ್ಪಿನ ಕಣ್ಣಿನಲ್ಲಿ ನೀಲಿ ಛಾಯೆಯೊಂದು ಕಾಣಿಸುವುದುಂಟು. ಕಣ್ಣಿನ ಮಸೂರವು ಗಟ್ಟಿಯಾಗುವುದರಿಂದ ಉಂಟಾಗುವ ಈ ಛಾಯೆಯು ದೃಷ್ಟಿಯನ್ನು ಅಷ್ಟಾಗಿ ಕೆಡಿಸದು. ಬಿಳಿಯ ಪೊರೆಯಾದರೋ ದೃಷ್ಟಿಯನ್ನು ಮುಚ್ಚುತ್ತದೆ. ಎರಡನ್ನೂ ಬೇರ್ಪಡಿಸಿ ಹೇಳಬೇಕಾದವರು ವೈದ್ಯರು. ಕಿವಿ ಮಂದವಾದ ನಾಯಿಯನ್ನು ಹಿಂದಿನಿಂದ ಹೋಗಿ ಥಟ್ಟನೆ ಮುಟ್ಟಬಾರದು. ನೆಲವನ್ನು ಮೆಲ್ಲಗೆ ತುಳಿದರೆ ಆ ಅದಿರನ್ನು ಅದು ಪಾದಗಳಿಂದ ತಿಳಿದುಕೊಂಡು ತಿರುಗಿ ನೋಡುತ್ತದೆ.

ನಡಿಗೆಯ ಕ್ರಮ

ನಡಿಗೆಯೇ ಕೀಲಿಗೆ ಊಟವೆಂದು ಹೇಳಿದೆವು. ಊಟಕ್ಕೆ ಹೇಗೆ ಹೊತ್ತು ಮತ್ತು ಮಿತಿಗಳುಂಟೋ ಹಾಗೆ ನಡಿಗೆಗೂ ಉಂಟು. ವಾರದ ಆರು ದಿನ ಮನೆಯಲ್ಲಿ ಮಲಗಿಸಿ, ಭಾನುವಾರ ಸಮುದ್ರದಂಡೆಗೆ ಕರೆದುಕೊಂಡು ಹೋಗಿ ಎರಡು ಗಂಟೆ ಓಡಿಸಿದರೆ ಮುದಿನಾಯಿಗೆ ಉಪಕಾರವಾಗದು. ಸೋಮವಾರ ಅದು ಏಳಲಾರದು. ಪ್ರತಿದಿನವೂ ಎರಡು ಮೂರು ಸಲ, ಒಂದೊಂದು ಸಲಕ್ಕೆ ಹತ್ತು ಹದಿನೈದು ನಿಮಿಷ, ಒಂದೇ ಸಮನಾದ ನಿಧಾನದ ನಡಿಗೆ, ಇದು ಉತ್ತಮವಾದ ಕ್ರಮ. ಚೆಂಡನ್ನು ಎಸೆದು ಓಡಿಸುವುದು, ಎತ್ತರದಿಂದ ಹಾರಿಸುವುದು, ಥಟ್ಟನೆ ತಿರುಗಿಸುವುದು ಬೇಡ. ಮರುದಿನ ನಾಯಿಯು ಹೆಚ್ಚು ಕುಂಟಿದರೆ ನಿನ್ನೆಯ ನಡಿಗೆ ಅತಿಯಾಯಿತೆಂದು ತಿಳಿದು ಇಂದು ಕಡಿಮೆ ಮಾಡಬೇಕು.

ನಮ್ಮ ನಗರದ ಬೇಸಗೆಯಲ್ಲಿ ಹೊತ್ತನ್ನು ಗಮನಿಸುವುದು ಬಹಳ ಮುಖ್ಯ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲುಗಳಲ್ಲಿ ಮಾತ್ರ ಸ್ವಲ್ಪ ಬೆವರುತ್ತದೆ. ನಾಲಗೆಯನ್ನು ಚಾಚಿ ತೇಕುವುದರಿಂದಲೇ ಅದು ತನ್ನ ಮೈಯ ಕಾವನ್ನು ಕಳೆದುಕೊಳ್ಳಬೇಕು. ಆದಕಾರಣ ಬಿಸಿಲೇರುವುದಕ್ಕೆ ಮೊದಲು ಮತ್ತು ಹೊತ್ತು ಮುಳುಗಿದ ಮೇಲೆ ನಡೆಸಬೇಕು. ಡಾಮರು ರಸ್ತೆಯು ಸಂಜೆಯಾದರೂ ಬೇಗನೆ ಆರುವುದಿಲ್ಲ. ನಿಮ್ಮ ಕೈಯ ಹಿಂಭಾಗವನ್ನು ರಸ್ತೆಯ ಮೇಲಿಟ್ಟು ಏಳರವರೆಗೆ ಎಣಿಸಿರಿ. ಅಷ್ಟು ಹೊತ್ತು ಇಡಲಾರಿರಾದರೆ ಆ ರಸ್ತೆಯು ನಾಯಿಯ ಪಾದಕ್ಕೂ ಯೋಗ್ಯವಲ್ಲ. ಮಳೆಗಾಲದಲ್ಲಿ ಹೊರಗಿನಿಂದ ಬಂದೊಡನೆ ಬೆರಳುಗಳ ಸಂದುಗಳನ್ನು ಒಣಬಟ್ಟೆಯಿಂದ ಒರಸಬೇಕು. ಕುತ್ತಿಗೆಯ ಪಟ್ಟಿಗಿಂತ ಎದೆಯನ್ನು ಬಳಸಿ ಕಟ್ಟುವ ಪಟ್ಟಿಯು ಮುದಿನಾಯಿಗೆ ಹಿತ. ಮುಗ್ಗರಿಸಿದಾಗ ಕುತ್ತಿಗೆ ನೋಯದಂತೆ ಎತ್ತಿ ಹಿಡಿಯಬಹುದು.

ಇನ್ನೊಂದು ವಿಷಯವನ್ನು ಅನೇಕರು ಮರೆಯುತ್ತಾರೆ. ನಡಿಗೆಯೆಂಬುದು ನಾಯಿಗೆ ಕಾಲಿನ ವ್ಯಾಯಾಮ ಮಾತ್ರವಲ್ಲ, ಮೂಗಿನ ಓದು ಕೂಡ. ವಾಸನೆಯನ್ನು ಗ್ರಹಿಸುವ ಕಣಗಳು ಮನುಷ್ಯನ ಮೂಗಿನಲ್ಲಿ ಕೆಲವು ದಶಲಕ್ಷಗಳಿದ್ದರೆ ನಾಯಿಯ ಮೂಗಿನಲ್ಲಿ ಕೋಟಿಗಟ್ಟಲೆ ಇವೆ. ಕಣ್ಣು ಕಿವಿಗಳು ಮಂದವಾದ ಮೇಲೂ ಮೂಗು ಬಹುಕಾಲ ಚುರುಕಾಗಿರುತ್ತದೆ. ನಮಗೆ ಬೆಳಗಿನ ವೃತ್ತಪತ್ರಿಕೆ ಹೇಗೋ ಅದಕ್ಕೆ ದೀಪದ ಕಂಬದ ಬುಡ ಹಾಗೆ. ಆದುದರಿಂದ ಅದು ನಿಂತು ಮೂಸುವಾಗ ಹಗ್ಗವನ್ನು ಜಗ್ಗಬಾರದು.

ರಾಣಿಯು ಎಳೆಯದಾಗಿದ್ದಾಗ ಮಾಟುಂಗದ ಫೈವ್ ಗಾರ್ಡನ್ಸ್‌ನ ಹೊರಗಿನ ರಸ್ತೆಯನ್ನು ನಮ್ಮೊಡನೆ ಸುತ್ತಿ ಬರುತ್ತಿತ್ತು. ನಾವೇ ಅದರ ಹಿಂದೆ ಏದುತ್ತ ಓಡಬೇಕಾಗಿತ್ತು. ಅನಂತರ ಅರ್ಧ ಸುತ್ತಾಯಿತು. ಮತ್ತೆ ನಮ್ಮ ಬೀದಿಯ ಕೊನೆಯವರೆಗೆ ಆಯಿತು. ಈಗ ಮನೆಯಿಂದ ಮೂರನೆಯ ಮರದವರೆಗೆ. ಆ ಮೂರು ಮರಗಳನ್ನು ದಾಟಲು ಹದಿನೈದು ನಿಮಿಷ ಹಿಡಿಯುತ್ತದೆ. ಮೊದಮೊದಲು ಹೊತ್ತು ಹೋಗದೆ ಬೇಸರವಾಗುತ್ತಿತ್ತು. ಕ್ರಮೇಣ ನಾವೂ ಆ ವೇಗಕ್ಕೆ ಹೊಂದಿಕೊಂಡೆವು. ಮೊದಲನೆಯ ಮರದಲ್ಲಿ ಗೂಡು ಕಟ್ಟಿದ ಕಾಗೆ, ಎರಡನೆಯ ಮರದ ಕೆಳಗೆ ಬೆಳಗಾಗುವುದರೊಳಗೆ ಹಾಲಿನ ಚೀಲಗಳನ್ನು ಎಣಿಸುವ ಹುಡುಗ, ಇವರೆಲ್ಲ ನಮಗೆ ಪರಿಚಿತರಾದದ್ದು ರಾಣಿಯು ನಿಧಾನವಾದ ಮೇಲೆಯೇ. ಈಗ ನಮ್ಮಲ್ಲಿ ಸರದಿಯಿದೆ. ಬೆಳಗ್ಗೆ ಮಕ್ಕಳದು, ಸಂಜೆ ಹಿರಿಯರದು. ಪರೀಕ್ಷೆಯ ದಿನವೂ ಬೆಳಗಿನ ಸರದಿ ತಪ್ಪುವುದಿಲ್ಲ.

ಮನೆಯ ಏರ್ಪಾಡು ಮತ್ತು ಆಹಾರ

ನಗರದ ಮನೆಗಳ ನೆಲವು ಮೊಸಾಯಿಕ್ ಅಥವಾ ನುಣುಪಾದ ಟೈಲ್ಸ್‌ನಿಂದ ಕೂಡಿರುತ್ತದೆ. ಹಿಂಗಾಲಿನ ಬಲ ತಗ್ಗಿದ ನಾಯಿಗೆ ಇದು ಪಾಚಿಗಟ್ಟಿದ ಬಂಡೆಯಂತೆ. ಒಮ್ಮೆ ಜಾರಿ ಬಿದ್ದ ನಾಯಿ ಮತ್ತೆ ಏಳಲೂ ಹೆದರುತ್ತದೆ. ಅದು ಓಡಾಡುವ ದಾರಿಯಲ್ಲಿ ಗೋಣಿತಟ್ಟನ್ನೋ ರಬ್ಬರಿನ ಚಾಪೆಯನ್ನೋ ಹಾಸಿದರೆ ಸಾಕು. ಮಲಗಲು ದಪ್ಪನೆಯ ಹಾಸಿಗೆ ಬೇಕು. ಗಾಳಿ ಬೀಸದ ಮೂಲೆ ಬೇಕು. ಹಳೆಯ ಕಂಬಳಿಯನ್ನು ನಾಲ್ಕಾಗಿ ಮಡಿಸಿದರೆ ಹಾಸಿಗೆಯಾಗುತ್ತದೆ. ಉಗುರುಗಳನ್ನು ಕಾಲಕಾಲಕ್ಕೆ ಕತ್ತರಿಸಬೇಕು. ಉದ್ದವಾದ ಉಗುರು ಪಾದವನ್ನು ನೆಲಕ್ಕೆ ಸರಿಯಾಗಿ ಊರಗೊಡದು. ಲಿಫ್ಟಿಲ್ಲದ ಕಟ್ಟಡದಲ್ಲಿ ಮೆಟ್ಟಿಲು ಹತ್ತಿಸುವಾಗ ಹೊಟ್ಟೆಯ ಕೆಳಗೆ ಒಂದು ಟವಲನ್ನು ತೂರಿಸಿ ಎರಡು ತುದಿಗಳನ್ನೂ ಮೇಲೆ ಹಿಡಿದುಕೊಂಡರೆ ಹಿಂಗಾಲಿನ ಭಾರ ಅರ್ಧವಾಗುತ್ತದೆ. ನಾವು ಎರಡನೆಯ ಮಹಡಿಯಲ್ಲಿರುವುದರಿಂದ ದಿನಕ್ಕೆ ಎರಡು ಸಲ ಈ ಟವಲಿನ ಸೇವೆ ನಡೆಯುತ್ತದೆ.

ಕೀಲುನೋವಿನ ನಾಯಿಗೆ ಕೊಬ್ಬಿದ ಮೈಯೇ ದೊಡ್ಡ ಶತ್ರು. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಗಳಾಗಿದ್ದಾಗಿನಿಂದ ಅವುಗಳ ಕೊನೆಯವರೆಗೆ ಪರೀಕ್ಷಿಸಿ ಅದರ ಫಲಿತಾಂಶವನ್ನು 2002ರಲ್ಲಿ ಪ್ರಕಟಿಸಿದರು. ಒಡಹುಟ್ಟಿದ ಮರಿಗಳನ್ನು ಜೋಡಿಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ನೂರಕ್ಕೆ 25 ಪಾಲು ಕಡಿಮೆ ಆಹಾರವನ್ನು ಕೊಡುತ್ತಿದ್ದರು. ಕಡಿಮೆ ತಿಂದ ಗುಂಪಿನ ಮಧ್ಯಮ ಆಯುಸ್ಸು 13 ವರ್ಷ. ಹೆಚ್ಚು ತಿಂದ ಗುಂಪಿನದು 11.2 ವರ್ಷ. ಮೇಲಾಗಿ, ಮಿತವಾಗಿ ತಿಂದ ನಾಯಿಗಳಿಗೆ ಸಂಧಿವಾತವು ತಡವಾಗಿ ಬಂದಿತು. ಪ್ರೀತಿಯಿಂದ ಹಾಕುವ ಒಂದೊಂದು ಬಿಸ್ಕತ್ತೂ ಒಂದೊಂದು ಹೆಜ್ಜೆಯ ಭಾರವಾಗುತ್ತದೆ ಎಂಬುದನ್ನು ನೆನಪಿಡಬೇಕು.

ನಿಮ್ಮ ನಾಯಿ ಹದವಾಗಿದೆಯೇ ಎಂದು ತಿಳಿಯಲು ತಕ್ಕಡಿ ಬೇಕಾಗಿಲ್ಲ. ನಿಮ್ಮ ಅಂಗೈಯನ್ನು ಕೆಳಮುಖವಾಗಿ ಚಾಚಿ, ಇನ್ನೊಂದು ಕೈಯ ಬೆರಳುಗಳನ್ನು ಅದರ ಹಿಂಭಾಗದ ಮೇಲೆ ಆಡಿಸಿರಿ. ಎಲುಬು ಕೈಗೆ ಸಿಗುತ್ತದೆ, ಆದರೆ ಚುಚ್ಚುವುದಿಲ್ಲ. ನಾಯಿಯ ಪಕ್ಕೆಲುಬುಗಳೂ ಹಾಗೆಯೇ ಸಿಗಬೇಕು. ಮುಷ್ಟಿಯ ಗೆಣ್ಣಿನಂತೆ ಚುಚ್ಚಿದರೆ ನಾಯಿ ಬಡಕಲು. ಅಂಗೈಯ ಒಳಭಾಗದಂತೆ ಎಲುಬು ತಿಳಿಯದೆ ಇದ್ದರೆ ಕೊಬ್ಬಿದೆ ಎಂದರ್ಥ.

ಔಷಧದ ವಿಷಯ

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಒತ್ತಿ ಹೇಳಬೇಕಾಗಿದೆ. ಮನೆಯಲ್ಲಿ ತಲೆನೋವಿಗೆ, ಮೈಕೈ ನೋವಿಗೆ ನಾವು ನುಂಗುವ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು. ಐಬುಪ್ರೊಫೇನ್ ಎಂಬ ಔಷಧವು ನಾಯಿಯ ಜಠರದಲ್ಲಿ ಹುಣ್ಣುಗಳನ್ನುಂಟುಮಾಡಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸಬಲ್ಲುದು. ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನೂ ಕುಂದಿಸಬಲ್ಲುದು. ಕರುಣೆಯಿಂದ ಕೊಟ್ಟ ಮಾತ್ರೆಯೇ ವಿಷವಾಗಬಹುದು. ನಾಯಿಗೆಂದೇ ಇರುವ ನೋವುನಿವಾರಕ ಔಷಧಗಳಿವೆ. ಅವುಗಳನ್ನು ರಕ್ತಪರೀಕ್ಷೆ ಮಾಡಿ, ತೂಕವನ್ನು ನೋಡಿ, ಪಶುವೈದ್ಯರೇ ಗೊತ್ತುಮಾಡಬೇಕು. ಮನೆಯಲ್ಲಿ ನಾವು ಮಾಡಬಹುದಾದದ್ದು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು, ಸುಡದಷ್ಟು ಬಿಸಿಯೆಂದು ನಮ್ಮ ಕೈಗೆ ಮುಟ್ಟಿಸಿ ನೋಡಿಕೊಂಡು, ಬಿಗಿದ ಕೀಲಿಗೆ ಕೆಲವು ನಿಮಿಷ ಇಡುವುದು.

ಮುಂಬಯಿಯ ವಿದ್ಯಾರ್ಥಿಗಳಾದ ನಮಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಸಂಘವು ಈ ನಗರದಲ್ಲಿ 1874ರಲ್ಲಿಯೇ ಸ್ಥಾಪಿತವಾಯಿತು. ಪರೇಲಿನಲ್ಲಿರುವ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯು ಆ ಸಂಘಕ್ಕೆ ಸೇರಿದುದು. 1886ರಲ್ಲಿ ಆರಂಭವಾದ ಮುಂಬಯಿ ಪಶುವೈದ್ಯಕೀಯ ಕಾಲೇಜು ಕೂಡ ಪರೇಲಿನಲ್ಲಿಯೇ ಇದೆ. ಮೂಕಪ್ರಾಣಿಗಳಿಗಾಗಿ ಹಿಂದಿನವರು ಮಾಡಿಟ್ಟ ಈ ಏರ್ಪಾಡುಗಳನ್ನು ನಾವು ಅರಿತಿರಬೇಕು.

ನಮ್ಮ ಕರ್ತವ್ಯ

ನಾಯಿ ಮುದಿಯಾದೊಡನೆ, “ಇನ್ನೇಕೆ ಈ ಕಷ್ಟ? ಎಲ್ಲಿಯಾದರೂ ದೂರ ಬಿಟ್ಟುಬಿಡಿ” ಎಂದು ಬುದ್ಧಿ ಹೇಳುವವರು ಎಲ್ಲ ಬೀದಿಗಳಲ್ಲೂ ಇರುತ್ತಾರೆ. ನಮಗೂ ಕೆಲವರು ಹೇಳಿದರು. ಹದಿಮೂರು ವರ್ಷ ಮನೆಯೊಳಗೆ ಅನ್ನ ತಿಂದ ಪ್ರಾಣಿಯನ್ನು ಅಪರಿಚಿತವಾದ ಬೀದಿಯಲ್ಲಿ ಬಿಟ್ಟರೆ ಅದರ ಗತಿಯೇನು? ಓಡಲಾರದ ಕಾಲು, ಮಬ್ಬಾದ ಕಣ್ಣು. ಅಲ್ಲಿನ ನಾಯಿಗಳು ಅದನ್ನು ಸೇರಿಸವು, ವಾಹನಗಳು ಅದಕ್ಕಾಗಿ ನಿಲ್ಲವು. ಹಸಿವು ಬಾಯಾರಿಕೆಗಳಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧವೂ ಆಗಿದೆ. ಪ್ರಸಿದ್ಧ ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಾಡಿದ ಪ್ರಯತ್ನವೇ ಈ ಕಾಯಿದೆಗೆ ನಾಂದಿಯಾಯಿತು. ಜೀವಿಗಳ ವಿಷಯದಲ್ಲಿ ಕರುಣೆಯಿಂದಿರುವುದು ನಾಗರಿಕನ ಮೂಲಭೂತ ಕರ್ತವ್ಯಗಳಲ್ಲೊಂದೆಂದು ನಮ್ಮ ಸಂವಿಧಾನಕ್ಕೆ 1976ರಲ್ಲಿ ಸೇರಿಸಲಾಗಿದೆ.

ಕನ್ನಡನಾಡು ನಾಯಿಯ ಋಣವನ್ನು ಕಲ್ಲಿನಲ್ಲಿ ಬರೆದಿಟ್ಟ ನಾಡು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಕ್ರಿ.ಶ. 949-50ರ ಶಾಸನವು ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೆರನೆಂಬ ವೀರನಿಗೆ ಗಂಗರ ಬೂತುಗನು ಮೆಚ್ಚಿ ಏನು ಬೇಕೆಂದು ಕೇಳಲು, ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಆ ಕಾಳಿಯು ದೊಡ್ಡದೊಂದು ಹಂದಿಯೊಡನೆ ಕಾದಾಡಿ ಅದನ್ನು ಕೊಂದು ತಾನೂ ಮಡಿಯಿತು. ಅದರ ನೆನಪಿಗಾಗಿ ಕಲ್ಲನ್ನು ನೆಡಿಸಿ ಭೂಮಿಯನ್ನು ದತ್ತಿಬಿಟ್ಟರು. ಆ ಕಲ್ಲನ್ನು ಇಂದಿಗೂ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಕಾಳಿಯು ಯೌವನದಲ್ಲಿ, ಹೋರಾಟದಲ್ಲಿ ಮಡಿಯಿತು. ಅದಕ್ಕೆ ಕಲ್ಲು ದೊರೆಯಿತು. ಹೋರಾಡದೆ, ಬಾಗಿಲ ಬಳಿ ಕಾದು ಕುಳಿತೇ ಮುದಿಯಾದ ನಾಯಿಗಳಿಗೆ ಯಾರೂ ಕಲ್ಲು ನೆಡುವುದಿಲ್ಲ. ಅವುಗಳಿಗೆ ಸಲ್ಲುವ ಮರ್ಯಾದೆಯೆಂದರೆ ನಾವು ದಿನವೂ ಕೊಡುವ ಹದಿನೈದು ನಿಮಿಷಗಳೇ.

ಕವಿಗಳು ಇದನ್ನು ಬಲ್ಲವರಾಗಿದ್ದರು. ಗ್ರೀಕರ ಆದಿಕವಿ ಹೋಮರನ ಒಡಿಸ್ಸಿ ಕಾವ್ಯದಲ್ಲಿ ನಾಯಕನು 20 ವರ್ಷಗಳ ತರುವಾಯ ವೇಷವನ್ನು ಮರೆಸಿಕೊಂಡು ಊರಿಗೆ ಬಂದಾಗ ಅವನನ್ನು ಕಂಡೊಡನೆ ಗುರುತಿಸಿದುದು ತಿಪ್ಪೆಯ ಮೇಲೆ ಯಾರೂ ನೋಡಿಕೊಳ್ಳದೆ ಬಿದ್ದಿದ್ದ ಅವನ ಮುದಿನಾಯಿ. ನಮ್ಮ ಮಹಾಭಾರತದಲ್ಲಿ ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲೊಲ್ಲೆನೆಂದನು. ಉಂಡ ಮನೆಗೆ ಎರಡು ಬಗೆಯಬಾರದೆಂಬ ಮಾತನ್ನು ನಾಯಿ ಪಾಲಿಸುತ್ತದೆ. ಉಣಿಸಿದ ಮನೆಯೂ ಎರಡು ಬಗೆಯಬಾರದು.

ಇನ್ನೊಂದು ಮಾತನ್ನು ಹೇಳದೆ ಬಿಡುವಂತಿಲ್ಲ. ಎಷ್ಟೇ ಆರೈಕೆ ಮಾಡಿದರೂ ಒಂದು ದಿನ ನಾಯಿಯು ಏಳಲಾರದು, ಉಣ್ಣಲಾರದು, ಔಷಧಕ್ಕೂ ನೋವು ಬಗ್ಗದು. ಆಗ ವೈದ್ಯರು ನೋವಿಲ್ಲದ ಮರಣದ ವಿಚಾರವನ್ನು ಹಿರಿಯರೊಡನೆ ಆಡಬಹುದು. ಅದು ಕಠಿಣವಾದ ತೀರ್ಮಾನ. ಅದಕ್ಕೆ ಸಹಾಯವಾಗುವಂತೆ ನಾವು ಗೋಡೆಯ ಕ್ಯಾಲೆಂಡರಿನಲ್ಲಿ ರಾಣಿಯ ಒಳ್ಳೆಯ ದಿನಕ್ಕೆ ಒಂದು ಚುಕ್ಕೆಯನ್ನೂ ಕೆಟ್ಟ ದಿನಕ್ಕೆ ಒಂದು ಗೆರೆಯನ್ನೂ ಹಾಕುತ್ತ ಬಂದಿದ್ದೇವೆ. ಚುಕ್ಕೆಗಳೇ ಇನ್ನೂ ಹೆಚ್ಚಾಗಿವೆ. ಗೆರೆಗಳು ಹೆಚ್ಚಾದಾಗ ನಮ್ಮ ಆಸೆಯನ್ನಲ್ಲ, ಅದರ ನೋವನ್ನು ನೋಡಿ ನಡೆದುಕೊಳ್ಳಬೇಕೆಂದು ಮನೆಯವರೆಲ್ಲ ಮಾತನಾಡಿಕೊಂಡಿದ್ದೇವೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ಮುದಿನಾಯಿ ಇದ್ದರೆ ನಾಳೆಯಿಂದ ಒಂದು ಹೊತ್ತಿನ ನಡಿಗೆಯನ್ನು ನೀವು ವಹಿಸಿಕೊಳ್ಳಿರಿ. ಅದರ ನಡೆಯನ್ನು ಗಮನಿಸಿರಿ. ಕಂಡ ಬದಲಾವಣೆಗಳನ್ನು ಬರೆದಿಟ್ಟು ವೈದ್ಯರಿಗೆ ತೋರಿಸಿರಿ. ನಾಯಿ ಇಲ್ಲದಿದ್ದರೆ ನೆರೆಯವರ ಮನೆಯಲ್ಲಿ ಇರಬಹುದು. ಆ ಮನೆಯ ಹಿರಿಯರಿಗೆ ಕಾಲು ಸಾಗದಿದ್ದರೆ ಅವರ ಒಪ್ಪಿಗೆ ಪಡೆದು ನೆರವಾಗಿರಿ. ತನಗಿಂತ ನಿಧಾನವಾಗಿ ನಡೆಯುವವರ ಜೊತೆಯಲ್ಲಿ ಬೇಸರಪಡದೆ ಹೆಜ್ಜೆಯಿಡಲು ಕಲಿತವನು ನಾಯಿಗಷ್ಟೇ ಅಲ್ಲ, ಮನೆಯ ಹಿರಿಯರಿಗೂ ಆಸರೆಯಾಗುತ್ತಾನೆ.